ಪರದೆಯ ಮುದುಕನಿಗೆ ಎರಡು ಗುಂಡು

ಲೋಕವೆಲ್ಲ ಸುಟ್ಟು ಹೋದ ಮೇಲೆ ಉಳಿದವರ ಗತಿ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದು ನಮ್ಮದೇ ಗದ್ದೆಯಲ್ಲಿ, ಭತ್ತ ಕೊಯ್ದ ಕೂಳೆಯ ಮೇಲೆ ಹಾಸಿದ ಚಾಪೆಯಲ್ಲಿ ಕೂತು. ಕೂಳೆ ಚುಚ್ಚುತ್ತಿತ್ತು. ಲೋಕಕ್ಕಿಂತ ಹೆಚ್ಚಾಗಿ ಅದೇ ನನ್ನನ್ನು ಕಾಡಿತೆಂದರೆ ಸುಳ್ಳಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ನಮ್ಮ ಹಿರಿಯರು ಮಳೆ ತಡವಾದರೂ ಮೈಸೂರನ್ನೇ ಬಯ್ಯುತ್ತಿದ್ದರು, ಮೆಣಸಿನ ಬಳ್ಳಿ ಒಣಗಿದರೂ ಮೈಸೂರನ್ನೇ ಬಯ್ಯುತ್ತಿದ್ದರು. ನಾನು ಊರಿನ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಸಂಬಳ ಬರುತ್ತಿದ್ದರಿಂದ ಮನೆಯಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಬಂದಿತ್ತು, ನಾಲಿಗೆ ಮಾತ್ರ ಮೊದಲಿನಿಂದಲೂ ಉದ್ದ.

ಆ ವರ್ಷ ಕಾಫಿ ಪಿಕ್ಕಿಂಗ್ ನಡೆಯುತ್ತಿದ್ದಾಗ ಶನಿವಾರಸಂತೆ ಕಡೆಯವನೊಬ್ಬ ಟೆಂಟ್ ಸಿನಿಮಾ ತಂದ. ಅವನಿಗೆ ಜಾಗ ಕೊಟ್ಟವರು ನಮ್ಮ ಅಜ್ಜ, ಅಂದರೆ ಅಪ್ಪನ ಅಪ್ಪ. ಬಾಡಿಗೆ ಬೇಡ ಎಂದರು. ಪರದೆಯ ಎದುರಿಗೇ ತಮ್ಮ ಆರಾಮಕುರ್ಚಿ ಹಾಕಬೇಕು, ಅದರ ಮುಂದೆ ಯಾರೂ ಕೂರಬಾರದು, ಅಷ್ಟೇ ಕರಾರು. ಹಾಗಾಗಿ ದಿನವೂ ಸಂಜೆ ಅಪ್ಪ ಕುರ್ಚಿ ಹೊತ್ತು ಮುಂದೆ, ಅಜ್ಜ ಕೋವಿ ಹಿಡಿದು ನಡುವೆ, ನಾನು ಲಾಟೀನು ಹಿಡಿದು ಹಿಂದೆ, ಹೀಗೆ ನಮ್ಮ ಮೆರವಣಿಗೆ ಗದ್ದೆಗೆ ಇಳಿಯುತ್ತಿತ್ತು. ಕೋವಿ ಯಾಕೆಂದು ಹೊರಗಿನವರು ಕೇಳಬಹುದು. ಆನೆ ಬರುವ ಕಾಲ. ಕತ್ತಲಾದ ಮೇಲೆ ಅಜ್ಜ ಕೋವಿ ಇಲ್ಲದೆ ಅಂಗಳ ದಾಟಿದವರಲ್ಲ.

ಅಜ್ಜನ ಎದೆ ಆಗಲೇ ಸರಿ ಇರಲಿಲ್ಲ. ಮಡಿಕೇರಿಯ ಡಾಕ್ಟರು ಏರು ಹತ್ತುವುದು ಬೇಡ, ಸಿಟ್ಟು ಬೇಡ, ಹಂದಿ ಮಾಂಸ ಬೇಡ ಎಂದಿದ್ದರು. ಇನ್ನು ಬದುಕಿ ಏನು ಮಾಡುವುದು ಎಂದು ಅಜ್ಜ ಅವರನ್ನೇ ಕೇಳಿ ಬಂದಿದ್ದರು. ಆದರೆ ಅವರ ಎದೆಯ ಮೇಲೆ ನಿಜವಾಗಿ ಕೂತಿದ್ದ ಭಾರ ಬೇರೆ, ಅದು ನಮಗೆಲ್ಲ ಗೊತ್ತಿತ್ತು. ಗದ್ದೆಯ ಆಚೆ, ನೀರು ಹರಿಯುವ ತೋಡು ದಾಟಿದರೆ ಅವರ ತಮ್ಮನ ಮನೆ. ನಮಗೆ ಚಿಕ್ಕಜ್ಜ. ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಕಾರಣ ಒಂದು ಕಾಡುಹಂದಿ. ಬೇಟೆಯಲ್ಲಿ ಇಬ್ಬರೂ ಒಟ್ಟಿಗೇ ಗುಂಡು ಹೊಡೆದಿದ್ದಾರೆ, ಹಂದಿಯ ಮೈಮೇಲೆ ಇದ್ದದ್ದು ಒಂದೇ ಗಾಯ. ನಮ್ಮಲ್ಲಿ ಹೊಡೆದವನಿಗೆ ಪಾಲಿನ ಜೊತೆ ಒಂದು ತೊಡೆ ಹೆಚ್ಚು. ತೊಡೆಯ ಆಸೆ ಇಬ್ಬರಿಗೂ ಇರಲಿಲ್ಲ, ಗುರಿ ತಪ್ಪಿದವನೆಂಬ ಹೆಸರು ಇಬ್ಬರಿಗೂ ಬೇಡವಾಗಿತ್ತು. ಹಂದಿಯನ್ನು ಊರೆಲ್ಲ ಹಂಚಿಕೊಂಡು ತಿಂದು ಕೈ ತೊಳೆಯಿತು, ಜಗಳ ಮಾತ್ರ ಇವರ ಪಾಲಿಗೆ ಉಳಿಯಿತು.

ಶಾಲೆಯ ದಾರಿಯಲ್ಲಿ ಚಿಕ್ಕಜ್ಜ ಸಿಕ್ಕಿದರೆ ಬೇಲಿಯ ಕಡೆ ಮುಖ ಮಾಡಿಕೊಂಡು, "ನಿಮ್ಮ ಮನೆಯಲ್ಲಿ ಯಾರೋ ಕೆಮ್ಮುದು ಕೇಳುತ್ತದೆ. ಕಡಿಮೆ ಉಟ್ಟಾ?" ಎಂದು ಅಣ್ಣನ ಕೆಮ್ಮು ಇಳಿದಿದೆಯೋ ವಿಚಾರಿಸುವರು. ನಾನು ಬೇಲಿಗೆ ಕೆಮ್ಮಿಲ್ಲ, ಚೆನ್ನಾಗಿದೆ ಎಂದು ಹೇಳಿ ನಡೆದುಬಿಡುತ್ತಿದ್ದೆ. ಈ ಮುದುಕರಿಬ್ಬರ ಮೇಲೆ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಬಂದರೆ ಅಜ್ಜ, "ದಾರಿಯಲ್ಲಿ ಯಾರಾದರೂ ಸಿಕ್ಕಿದ್ರಾ?" ಎಂದು ಕೇಳುತ್ತಿದ್ದರು. ಒಮ್ಮೆ ಮಾತ್ರ, ಮೈ ತುಂಬ ಹುಷಾರಿಲ್ಲದ ದಿನ, ನನ್ನ ಕೈ ಹಿಡಿದುಕೊಂಡು, ಹುಡುಗಿ ಎನ್ನುವುದಕ್ಕೆ ನಮ್ಮಲ್ಲಿ ಹೇಳುವಂತೆ ಗೂಡೆ ಎಂದು ಕರೆದು, ನೇರವಾಗಿಯೇ ಕೇಳಿದರು. "ಗೂಡೆ, ನಾ ಸತ್ತರೆ ಆದರೂ ಅವ ನೋಡಿಕೆ ಬರೊಕು ತಾನೆ?"

ಬರಲೇಬೇಕು ಎಂದೆ. ನಮ್ಮ ಪದ್ಧತಿಯೇ ಹಾಗೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಎರಡು ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡಬೇಕು, ಜಗಳ ಇದ್ದವನೂ ಹೊರಡಬೇಕು. ಅಜ್ಜ ತಲೆಯಾಡಿಸಿದರು. ಆದರೆ ಸತ್ತ ಮೇಲೆ ಬಂದವನ ಮುಖ ನೋಡುವುದು ಹೇಗೆ ಎಂಬ ಯೋಚನೆ ಅವರ ಕಣ್ಣಲ್ಲಿತ್ತು. ನನಗೆ ಸಂಕಟವಾಯಿತು.

ಇನ್ನು ಸಿನಿಮಾಕ್ಕೆ ಬರುತ್ತೇನೆ. ದೇವರ ಚಿತ್ರ, ಕತ್ತಿ ಕಾಳಗದ ಚಿತ್ರ ಎಲ್ಲ ಮುಗಿದ ಮೇಲೆ ಟೆಂಟಿನವನು ಒಂದು ಇಂಗ್ಲಿಷ್ ಚಿತ್ರ ತರಿಸಿದ. ಹೆಸರು ನೆನಪಿಲ್ಲ, ಹೆಸರು ಬರುವ ಭಾಗವೇ ಆ ರೀಲಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಪೂರಾ ಬಣ್ಣದ್ದು. ದೊಡ್ಡ ಬಾಂಬು ಬಿದ್ದು ಲೋಕ ಬೂದಿಯಾಗಿ, ಉಳಿದ ನಾಲ್ಕು ಜನ ಮರಳುಗಾಡಿನಲ್ಲಿ ಲಾರಿ ಓಡಿಸಿಕೊಂಡು ಒಂದು ಬಾವಿಗಾಗಿ ಬಡಿದಾಡುವ ಕಥೆ. ಆ ಇಂಗ್ಲಿಷ್ ಟೀಚರಾದ ನನಗೂ ತಿಳಿಯದ್ದರಿಂದ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕುರ್ಚಿಯ ಪಕ್ಕ ನಿಂತು ಕನ್ನಡದಲ್ಲಿ ಬಿಡಿಸಿ ಹೇಳುವ ಏರ್ಪಾಡಾಯಿತು. ದೊರೆಗೆ ಎಸ್ ಸರ್ ಎನ್ನುವಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತು, ಉಳಿದದ್ದನ್ನು ಧೈರ್ಯದಿಂದ ತುಂಬಿಸಿದರು.

ಮೊದಲು ಕಂಡದ್ದು ಬರೀ ಮಣ್ಣು. ಕೆಂಪು ಮಣ್ಣು, ಆಕಾಶದವರೆಗೂ. ಒಂದು ಮರವಿಲ್ಲ, ಹುಲ್ಲಿನ ಎಸಳಿಲ್ಲ. ಟೆಂಟು ಗಪ್ಪಾಯಿತು. ನಮ್ಮಲ್ಲಿ ಯಾರೂ ಅಷ್ಟು ದೂರ ನೋಡಿದವರೇ ಅಲ್ಲ, ನಮ್ಮ ಊರಿನಲ್ಲಿ ಎತ್ತ ತಿರುಗಿದರೂ ಒಂದು ಬೆಟ್ಟ ಅಡ್ಡ ನಿಂತಿರುತ್ತದೆ. ಹಿಂದಿನಿಂದ ಯಾರೋ ತೋಟದವರು, "ಈ ಮಣ್ಣಿಗೆ ಕಾಫಿ ಹಿಡಿಯೋದಿಲ್ಲ ಬಿಡಿ, ನೆರಳಿಲ್ಲ" ಎಂದರು. ಮತ್ತೊಬ್ಬರು, "ಅವರನ್ನೂ ಮೈಸೂರಿಗೆ ಸೇರಿಸಿದ್ರೋ ಏನೋ" ಎಂದರು. ಆಗ ಎದ್ದ ನಗು ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬೆಟ್ಟದಷ್ಟು ಎತ್ತರದ ಧೂಳಿನ ಬಿರುಗಾಳಿ ಎದ್ದು ನಮ್ಮ ಮೇಲೇ ನುಗ್ಗಿತು. ನಿಜ ಹೇಳುತ್ತೇನೆ, ನಾನೂ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಅಜ್ಜ ರೈಟರನ್ನು ಕೇಳಿದರು. "ಲೋಕ ಪೂರಾ ಹೋದದ್ ಅಂದರೆ ಕೊಡಗೂ ಹೋತಾ?"

"ಇಲ್ಲ ಅಜ್ಜ. ಘಾಟಿ ಹತ್ತಿ ಇಲ್ಲಿವರೆಗೆ ಬರ್ಲಿಕ್ಕೆ ಆ ಬಾಂಬಿಗೆ ದಾರಿ ಸಿಕ್ಕಿರೋದಿಲ್ಲ" ಎಂದರು ರೈಟರು. ಅಜ್ಜನಿಗೆ ಸಮಾಧಾನವಾಯಿತು, ಕಡಲೆಕಾಯಿ ಸುಲಿಯತೊಡಗಿದರು.

ಲಾರಿಗಳು ಒಂದನ್ನೊಂದು ಗುದ್ದಿ ಗಾಳಿಯಲ್ಲಿ ಪಲ್ಟಿ ಹೊಡೆದು ಬೆಂಕಿಯ ಉಂಡೆಯಾದವು. ಎಸ್ಟೇಟಿನ ಕೂಲಿ ಲೈನಿನ ಹುಡುಗರು ಶಿಳ್ಳೆ ಹಾಕಿದರು. ಆದರೆ ಟೆಂಟಿಗೆ ಟೆಂಟೇ ನರಳಿದ್ದು ಬೇರೆ ಕಡೆ. ಒಬ್ಬ ದುಷ್ಟ ನೀರಿನ ಪೀಪಾಯಿಗೆ ಗುಂಡು ಹೊಡೆದ, ನೀರು ಸುಮ್ಮನೆ ಮರಳಿಗೆ ಸುರಿಯಿತು. ಮನುಷ್ಯರು ಸಾಯುವಾಗ ಬಾಯಿಬಿಡದೆ ಕೂತಿದ್ದ ಲೈನಿನ ಹೆಂಗಸರು, "ಅಯ್ಯೋ ತಣ್ಣಿ ತಣ್ಣಿ" ಎಂದು ತಮಿಳಿನಲ್ಲಿ ನೀರಿಗಾಗಿ ಕೂಗಿ ಎದ್ದೇ ನಿಂತರು. ದಿನವೂ ಏರು ಹತ್ತಿ ನೀರು ಹೊರುವವರು ಅವರು.

ಆ ಬಾವಿ ಕಾಯುತ್ತಿದ್ದವನು ಒಬ್ಬ ಬಿಳಿಗಡ್ಡದ ಮುದುಕ. ಒಂಟಿ ಮನುಷ್ಯ, ಬಾವಿಯ ಕಟ್ಟೆಯ ಮೇಲೆ ಕೋವಿ ಇಟ್ಟುಕೊಂಡು ಕೂತಿರುತ್ತಿದ್ದ. ಅಜ್ಜನಿಗೆ ಅವನ ಮೇಲೆ ಮೊದಲಿನಿಂದಲೂ ಅಭಿಮಾನ. ಕೊನೆಗೆ ಅವನನ್ನೂ ಕೊಂದರು. ನಾಯಕ ಬಂದು, ಮರಳಲ್ಲಿ ಗುಂಡಿ ತೋಡಿ, ಮುದುಕನನ್ನು ಮಲಗಿಸಿ ಮಣ್ಣು ಮುಚ್ಚಿ, ಲಾರಿ ಹತ್ತಿ ಹೊರಟೇಬಿಟ್ಟ. ಹಿಂದೆ ಆ ಮಣ್ಣಿನ ಗುಡ್ಡೆ ಒಂದೇ ಉಳಿಯಿತು. ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ.

"ಗುಂಡು ಹೊಡೆದಿಲ್ಲೆ" ಎಂದರು ಅಜ್ಜ.

ರೈಟರು, "ಅವರ ಕಡೆ ಆ ಪದ್ಧತಿ ಇಲ್ಲ ಅಜ್ಜ" ಎಂದರು.

"ಅಷ್ಟು ಮುದುಕ ಮನುಷ್ಯ. ಗುಂಡಿಲ್ಲೆ, ಜನ ಇಲ್ಲೆ. ಗುಂಡು ಹೊಡೆಯದೆ ಜನ ಬರುದು ಹೇಂಗೆ?"

ಅಜ್ಜ ಎದ್ದರು. ಹೊರಗೆ ಹೋಗಿ ಬರುತ್ತಾರೆ ಎಂದುಕೊಂಡೆವು, ವಯಸ್ಸಾದವರು. ಪರದೆಯ ಪಕ್ಕದ ಬಟ್ಟೆ ಸರಿಸಿ ಹೋದರು. ಮರುಕ್ಷಣ ಗದ್ದೆಯಿಂದ ನಮ್ಮ ಮನೆಯ ಜೋಡುನಳಿಗೆ ಕೋವಿ ಮಾತಾಡಿತು. ಒಂದು, ಬೆನ್ನಿಗೇ ಇನ್ನೊಂದು.

ಯಾರು ಹೇಳಿದ್ದೂ ಅಲ್ಲ, ಗಂಡಸರೆಲ್ಲ ಎದ್ದು ನಿಂತು ತಲೆಯ ಮೇಲಿನ ಟೋಪಿ, ವಸ್ತ್ರ ತೆಗೆದರು. ಅಜ್ಜ ಒಳಗೆ ಬಂದು, ಕೋವಿ ಒರಗಿಸಿ, ಕುರ್ಚಿಯಲ್ಲಿ ಕೂತು, "ಹ್ಞಾ, ಇನ್ನು ಮುಂದಿಂದು ನೋಡುವ" ಎಂದರು. ಟೆಂಟಿನವನು ಓಡಿಬಂದು ಆನೆ ಬಂತಾ ಎಂದು ಕೇಳಿದ. ನಮ್ಮ ಪದ್ಧತಿ ಅವನಿಗೇನು ಗೊತ್ತು. ಅಪ್ಪ ಮಾತ್ರ ಹಣೆ ಹಿಡಿದುಕೊಂಡು ಕೂತರು. "ಸತ್ತೆವು. ಊರಿಗೆ ಊರೇ ಈಗ ಹೊರಟಿರ್ತದೆ."

ಹೊರಟೇ ಇತ್ತು. ನಾನು ಬಟ್ಟೆ ಸರಿಸಿ ನೋಡಿದೆ. ಬೆಟ್ಟದ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಸೂಟೆಯ, ಅಂದರೆ ಪಂಜಿನ, ಬೆಳಕು ಹುಟ್ಟಿ ನಮ್ಮ ಮನೆಯ ಕಡೆ ಇಳಿಯುತ್ತಿತ್ತು. ಊರಿನಲ್ಲಿ ಎದೆನೋವಿನ ಮುದುಕ ಇದ್ದದ್ದು ನಮ್ಮ ಮನೆಯಲ್ಲೇ, ಆ ಕೋವಿಯ ದನಿಯೂ ಎಲ್ಲರಿಗೂ ಪರಿಚಯ. ಎಲ್ಲಕ್ಕಿಂತ ಮೊದಲಿನ ಬೆಳಕು ತೋಡಿನ ಆಚೆಯಿಂದ ಬಂತು. ಅದು ಓಡುತ್ತಿತ್ತು.

ಅದು ಮೊದಲು ಮನೆಯ ಅಂಗಳಕ್ಕೆ ಹೋಯಿತು. ಅಲ್ಲಿ ಒಬ್ಬಳೇ ಇದ್ದ ಅಮ್ಮನೂ ಗುಂಡು ಕೇಳಿ, ಮಾವ ಸಿನಿಮಾ ನೋಡುತ್ತಲೇ ಹೋದರೆಂದು ಅಳುತ್ತಾ ಗದ್ದೆಯ ಕಡೆ ಕೈ ತೋರಿಸಿದಳಂತೆ. ನಾನು ಎದುರು ಓಡಿ ವಿಷಯ ಹೇಳಬೇಕೆನ್ನುವಷ್ಟರಲ್ಲಿ ಚಿಕ್ಕಜ್ಜ ಇನ್ನೊಂದು ಬದಿಯಿಂದ ಟೆಂಟಿನೊಳಗೆ ನುಗ್ಗಿ ಆಗಿತ್ತು. ಸಾವಿನ ಮನೆಗೆ ಹೋಗುವ ಬಿಳಿ ಬಟ್ಟೆ, ಬರಿ ತಲೆ. ಸಂಕದ, ಅಂದರೆ ಮರದ ಕಾಲುಸೇತುವೆಯ, ಮೇಲೆ ಬರುವಷ್ಟೂ ತಾಳ್ಮೆ ಇಲ್ಲದೆ ತೋಡಿಗೇ ಇಳಿದು ದಾಟಿದ್ದರಿಂದ ಮೊಣಕಾಲಿನವರೆಗೆ ಒದ್ದೆ. ಹೆಣ ಎಲ್ಲಿ ಮಲಗಿಸಿದ್ದಾರೆ ಎಂದು ಪರದೆಯ ಎದುರು ನೆಲದ ಮೇಲೆಲ್ಲ ಹುಡುಕಿದರು. ಮರುಭೂಮಿಯ ನಡುವೆ ಅವರ ನೆರಳು ದೊಡ್ಡದಾಗಿ ಬಿತ್ತು. ಲೈನಿನ ಹುಡುಗರು ತಲೆ ತಲೆ ಎಂದು ಕೂಗಿದರು.

"ಯಾರದು ಅಡ್ಡ?" ಎಂದರು ಅಜ್ಜ.

ಚಿಕ್ಕಜ್ಜ ತಿರುಗಿದರು. ಅಣ್ಣ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಮಡಿಲಲ್ಲಿ ಕಡಲೆಕಾಯಿ ಸಿಪ್ಪೆ ಇಟ್ಟುಕೊಂಡು ಕೂತಿದ್ದಾರೆ. ಪರದೆಯ ಮೇಲೆ ಯಾವುದೋ ಲಾರಿ ಸ್ಫೋಟವಾಯಿತು, ಯಾರೂ ಅದನ್ನು ನೋಡಲಿಲ್ಲ.

"ನೀ ಎಂತಕೆ ಬಂದದ್?" ಎಂದು ಕೇಳಿದರು ಅಜ್ಜ.

"ನೀ ಸತ್ತದ್‌ಂತ."

"ಸತ್ತದ್ ನಾ ಅಲ್ಲ. ಬಾವಿ ಕಾಯ್ತಿದ್ದ ಮುದುಕ."

ಚಿಕ್ಕಜ್ಜ ಪರದೆ ನೋಡಿದರು, ಅಣ್ಣನನ್ನು ನೋಡಿದರು. ಆಮೇಲೆ ಕುರ್ಚಿಯ ಪಕ್ಕ ಕೂಳೆಯ ಮೇಲೇ ಧೊಪ್ಪನೆ ಕೂತು, ಅಜ್ಜನ ಮೊಣಕಾಲಿಗೆ ಮುಷ್ಟಿಯಿಂದ ಗುದ್ದಿ ಗುದ್ದಿ ಅತ್ತರು. ಅಷ್ಟು ಜನರ ಎದುರು ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಅಳು ಬಂತು, ಅಳುತ್ತಲೇ ನಗುವೂ ಬಂತು. ಅಜ್ಜ ಏನು ಮಾಡಬೇಕೆಂದು ತೋಚದೆ ತಮ್ಮನ ಕೈ ಬಿಡಿಸಿ ಅದರೊಳಗೆ ಒಂದು ಹಿಡಿ ಕಡಲೆಕಾಯಿ ಹಾಕಿದರು.

ಅಷ್ಟರಲ್ಲಿ ಸಾವಿಗೆ ಬಂದವರೆಲ್ಲ ಬಾಗಿಲಲ್ಲಿ ಸೇರಿದ್ದರು. ಟೆಂಟಿನವನು ಒಳ್ಳೆಯ ಮನುಷ್ಯ, ಬಂದವರು ನಿಲ್ಲುವುದು ಬೇಡ ಎಂದು ಎಲ್ಲರನ್ನೂ ಒಳಗೆ ಕರೆದು ಕೂರಿಸಿದ. ಬಿಳಿ ಸೀರೆಯ ಅಜ್ಜಿಯೊಬ್ಬರು ನನ್ನ ಪಕ್ಕ ಕೂತು, ತೀರಿಹೋದದ್ದು ಯಾರು ಮಗ ಎಂದು ಪಿಸುಗುಟ್ಟಿದರು. ನಾನು ಪರದೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಪಾಪ. ಅವಂದ್ ಮನೆ ಯಾವ ಊರು?" ಎಂದರು.

ಕೊನೆಯ ಕಾಳಗದಲ್ಲಿ ಇಬ್ಬರು ಒಟ್ಟಿಗೇ ಗುಂಡು ಹೊಡೆದು ದುಷ್ಟ ಬಿದ್ದ. ಹೊಡೆದದ್ದು ಬಲಗಡೆಯವನು ಎಂದರು ಅಜ್ಜ. ಕಣ್ಣು ಸರಿ ಉಟ್ಟಾ, ಎಡಗಡೆಯವ ಎಂದರು ಚಿಕ್ಕಜ್ಜ. ಮುಗಿಯಿತು ಕಥೆ ಎಂದುಕೊಂಡೆ. ಇಬ್ಬರೂ ಮುಖ ಮುಖ ನೋಡಿಕೊಂಡು ಪರದೆಯ ಕಡೆ ತಿರುಗಿದರು. ಚಿತ್ರ ಮುಗಿದದ್ದೇ ಚಿಕ್ಕಜ್ಜ ಸೂಟೆ ಹಚ್ಚಿಕೊಂಡು, ಬರುತ್ತೇನೆ ಎಂದೂ ಹೇಳದೆ ತೋಡಿನ ಕಡೆ ನಡೆದುಬಿಟ್ಟರು. ಅಜ್ಜ ಆ ಬೆಳಕು ಮನೆ ಸೇರುವ ತನಕ ಗದ್ದೆಯ ಬದುವಿನಲ್ಲೇ ನಿಂತಿದ್ದರು. ಏರು ಹತ್ತುವಾಗ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು, "ಇನ್ನು ಅವ ಬರಿಕಿಲ್ಲೆ" ಎಂದರು. ಸಾವಿಗೆ ಬರುವುದೊಂದು ಬಾಕಿ ಇತ್ತು, ಅದನ್ನೂ ತಮ್ಮ ಬಂದು ತೀರಿಸಿಬಿಟ್ಟ ಎಂಬುದು ಅವರ ಲೆಕ್ಕ.

ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಅಜ್ಜ ಜಗಲಿಯ ಬೆಂಚಿನಲ್ಲಿದ್ದರು. ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಚಿಕ್ಕಜ್ಜ ಬಂದರು, ಸಂಕ ದಾಟಿಕೊಂಡೇ, ಕಾಲು ಒದ್ದೆ ಮಾಡಿಕೊಳ್ಳದೆ. ಬಣ್ಣದ ಅಂಗಿ, ತಲೆಗೆ ವಸ್ತ್ರ, ಕೈಯಲ್ಲಿ ಕಿತ್ತಳೆ ತುಂಬಿದ ಚೀಲ. ಜಗಲಿಯ ಕೆಳಗೆ ನಿಂತು ಬೇಲಿಯ ಕಡೆ ನೋಡದೆ ಅಣ್ಣನನ್ನೇ ನೋಡಿದರು.

"ನಿನ್ನೆ ಬಂದದ್ ಲೆಕ್ಕಕ್ಕಿಲ್ಲೆ" ಎಂದರು. "ಅದ್ ಸತ್ತವನ ನೋಡಿಕೆ ಬಂದದ್. ಇಂದ್ ಬದುಕಿರವನ ನೋಡಿಕೆ ಬಂದೆ."

ಅಜ್ಜ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು.