ತನ್ನ ಗೋಡೆಯನ್ನು ತಾನೇ ಕೆರೆಯುವ ಥೋವಾ

ಬೆಳಕು ಹರಿಯುವ ಮೊದಲೇ ಥೋವಾ ಅಕ್ಕ ಗೋಡೆ ಕೆರೆಯಲು ಶುರುಮಾಡಿದ್ದಾಳೆ. ಎಡಗೈಯಲ್ಲಿ ಒದ್ದೆ ಬಟ್ಟೆ, ಬಲಗೈಯಲ್ಲಿ ಅಗಲ ಬಾಯಿಯ ಉಳಿ. ಬಟ್ಟೆ ಒತ್ತಿ ಗೋಡೆಯನ್ನು ನೆನೆಸುತ್ತಾಳೆ, ಸ್ವಲ್ಪ ಕಾಯುತ್ತಾಳೆ, ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೇ ಸಮ ಕೆರೆಯುತ್ತಾಳೆ. ಬಣ್ಣ ಹಪ್ಪಳದ ಚೂರಿನಂತೆ ಎದ್ದು ನೆಲಕ್ಕೆ ಬೀಳುತ್ತದೆ. ನೋಡಿದವರು ಯಾವುದೋ ಬೂಷ್ಟು ಹಿಡಿದ ಹಳೆಯ ಗೋಡೆ ಇರಬೇಕು ಅಂದುಕೊಳ್ಳಬೇಕು. ಹಾಗೇನಿಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಜಾ ಹೋಯ್ ಕೇರಿಯಲ್ಲಿ, ಇದಕ್ಕಿಂತ ಚೆಂದದ ಗೋಡೆಯನ್ನು ಇಲ್ಲಿ ನೋಡಿಲ್ಲ. ಎರಡು ವರ್ಷದ ಹಿಂದೆ ಇದನ್ನು ಬಳಿದವಳೂ ಥೋವಾ ಅಕ್ಕನೇ.

ಭಾನುವಾರದ ಪುರವಣಿಗೆ ಆಕೆಯ ಬಗ್ಗೆ ಬರೆಯುತ್ತೇನೆ ಎಂದು ನಾನು ಹೋದವನು. ನಮ್ಮ ಹ್ವೆ ಊರಿನಲ್ಲಿ ಏಣಿ ಹತ್ತುವ ಹೆಂಗಸು ಆಕೆಯೊಬ್ಬಳೇ ಇರಬೇಕು, ನಾಲ್ಕು ಒಳ್ಳೆಯ ಮಾತು ಬರೆದರೆ ಯಾರಿಗೇನು ನಷ್ಟ ಎಂಬುದು ನನ್ನ ಲೆಕ್ಕ. ಆಕೆ ಉಳಿ ನಿಲ್ಲಿಸಲಿಲ್ಲ. "ನನ್ನ ಬಗ್ಗೆ ಬರೀಬೇಡಿ ತಮ್ಮಾ. ಬರೀಲೇಬೇಕು ಅಂದ್ರೆ ಈ ಗೋಡೆ ಯಾಕೆ ಕೆರೀತಿದೀನಿ ಅಂತ ಬರೀರಿ. ಅದನ್ನ ಬಿಟ್ಟು ಹೊಗಳಿದ್ರೆ ನಾನು ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ?" ಎಂದಳು. ಹೊಗಳಿದರೆ ತಲೆ ತಗ್ಗುತ್ತದೆ ಎನ್ನುವವರನ್ನು ನಾನು ಕಂಡದ್ದು ಅದೇ ಮೊದಲು.

ನಮ್ಮ ಕೇರಿಗೂ ಬಣ್ಣಕ್ಕೂ ಇರುವ ನಂಟು ಹೊಳೆಯಿಂದ ಬಂದದ್ದು. ಹತ್ತನೇ ತಿಂಗಳಲ್ಲಿ ಹೊಳೆ ಕರೆಯದ ನೆಂಟನ ಹಾಗೆ ಮನೆಯೊಳಗೆ ಬಂದು, ಎರಡು ದಿನ ಕೂತು, ಗೋಡೆಗೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಎಳೆದು ಹೋಗುತ್ತದೆ. ಟೆಟ್ ಹಬ್ಬದೊಳಗೆ ಆ ಗೆರೆ ಮಾಯವಾಗಬೇಕು. ಹೊಸ ವರ್ಷವನ್ನು ಕೆಸರಿನ ಗೋಡೆ ಇಟ್ಟುಕೊಂಡು ಬರಮಾಡಿಕೊಳ್ಳುವ ಮನೆ ನಮ್ಮಲ್ಲಿ ಇಲ್ಲ. ಹಾಗಾಗಿ ವರ್ಷದ ಕೊನೆಯ ಎರಡು ತಿಂಗಳು ಥೋವಾ ಅಕ್ಕನಿಗೆ ಉಣ್ಣಲೂ ಪುರುಸೊತ್ತಿಲ್ಲ. ನಾಲ್ಕಕ್ಕೆ ಏಳುತ್ತಾಳೆ, ಸೇತುವೆ ಪಕ್ಕದಲ್ಲಿ ಒಂದು ಬಟ್ಟಲು ಚಿಪ್ಪುಮೀನಿನ ಅನ್ನ ತಿನ್ನುತ್ತಾಳೆ, ಐದರೊಳಗೆ ಯಾರದೋ ಮನೆಯ ಗೋಡೆಯ ಮುಂದಿರುತ್ತಾಳೆ. ಒಂದು ಕೋಣೆಗೆ ನಾಲ್ಕು ದಿನ. ಸುಣ್ಣಕ್ಕೆ ಸವೆದು ಸವೆದು ಬೆರಳ ತುದಿಗಳು ನುಣ್ಣಗಾಗಿವೆ, ಬಿಸಿ ಬಟ್ಟಲು ಹಿಡಿದರೂ ಸುಡುವುದು ಗೊತ್ತಾಗುವುದಿಲ್ಲ.

ಹಿನ್ನೀರಿನಾಚೆಯ ಮರಳುದಿಬ್ಬದ ಊರಿನಿಂದ ಮದುವೆಯಾಗಿ ಬಂದವಳು ಆಕೆ. ಕೆಲಸ ಕಲಿಸಿದ್ದು ಮಾವ. ಮಾವನಿಗೆ ಸೊಂಟ ಹಿಡಿದ ವರ್ಷ ಒಪ್ಪಿಕೊಂಡ ಮನೆಗಳನ್ನು ಬಿಡಲಾಗದೆ ಸೊಸೆ ಏಣಿ ಹತ್ತಿದಳು. "ಹೆಂಗಸು ತಲೆ ಮೇಲೆ ಓಡಾಡಿದ್ರೆ ಮನೆಗೆ ಏಳಿಗೆ ಇಲ್ಲ ಅಂತ ಏಣಿ ಕೆಳಗೆ ನಿಂತು ಬೈತಿದ್ರು. ಹಂಗಾದ್ರೆ ನೀವೇ ಹತ್ತಿ ಅಂತಿದ್ದೆ. ಯಾರೂ ಹತ್ತಲಿಲ್ಲ" ಎಂದು ನಗುತ್ತಾಳೆ. ಒಮ್ಮೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ ಅದೇ ಬೈದವರೇ ಗಂಜಿ ತಂದುಕೊಟ್ಟರಂತೆ, ಜೊತೆಗೆ ಇನ್ನಷ್ಟು ಬೈಗುಳವನ್ನೂ.

ಆಕೆಯ ಕೈಬಣ್ಣವೆಂದರೆ ಬೆಚ್ಚನೆಯ ಬಣ್ಣ. ಹೊಳೆ ಬಿಟ್ಟುಹೋದ ಮೆಕ್ಕಲನ್ನೇ ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಸುಣ್ಣಕ್ಕೆ ಬೆರೆಸುತ್ತಾಳೆ. ಮೇಲೊಂದು ಚಿಟಿಕೆ ಇಟ್ಟಿಗೆ ಪುಡಿ, ಕೋಣದ ಚರ್ಮದ ಗೋಂದು. ಹದ ಕೂಡಿದರೆ ಕೋಳಿಕೊಬ್ಬಿನ ತಿಳಿಹಳದಿ ಬಣ್ಣ, ತುಸು ಗಾಢವಾದರೆ ಹಸುವಿನ ತೊಗಲಿನ ಬಣ್ಣ. ಹದ ತಪ್ಪಿದರೆ ಕರುಳು ಗಂಜಿಯ ಮಾಸಲು ಬಣ್ಣ, ನಮ್ಮಲ್ಲಿ ಅದು ಬೈಗುಳ. ಗೋಡೆ ಬಳಿದರೆ ಆಕೆಯ ಕೆಲಸ ಮುಗಿಯುವುದಿಲ್ಲ. ನೀಲಿ ಪ್ಲಾಸ್ಟಿಕ್ ಕುರ್ಚಿ ಹೊರಗಿಡಿ, ಬೆತ್ತದ್ದು ತನ್ನಿ ಎನ್ನುತ್ತಾಳೆ. ಕಿಟಕಿಗೆ ಮಿರಮಿರ ಮಿಂಚುವ ಪರದೆ ಬೇಡ, ಬಣ್ಣ ಹಾಕದ ಹತ್ತಿಯದು ಸಾಕು. ನೆಲಕ್ಕೆ ಹುಲ್ಲಿನ ಚಾಪೆ, ಮೂಲೆಗೊಂದು ಮಣ್ಣಿನ ಹೂಜಿ. "ಮೂರು ತಿಂಗಳು ಜಿನುಗು ಮಳೆ, ಹೊರಗೆ ಎಲ್ಲಾ ಬೂದಿ ಬಣ್ಣ. ಒಳಗೆ ಬಂದೋರಿಗೆ ಯಾರೋ ಒಲೆ ಹಚ್ಚಿಟ್ಟಂಗೆ ಇರ್ಬೇಕು" ಎಂಬುದು ಆಕೆಯ ವಾದ. ಪ್ಲಾಸ್ಟಿಕ್ ಹೂವಿನ ವಿಷಯದಲ್ಲಿ ಆಕೆಗೂ ನನ್ನ ಹೆಂಡತಿಗೂ ನಡೆದ ಜಗಳ ಇನ್ನೂ ಮುಗಿದಿಲ್ಲ.

ಈಗ ಕೆರೆಯುತ್ತಿರುವ ಗೋಡೆ ಕ್ವೆ ಅಮ್ಮನ ಮನೆಯದು. ಮಗನ ಮದುವೆಗೆ ಮದುಮಕ್ಕಳ ಕೋಣೆ ಸಿಂಗರಿಸಲು ಕರೆಸಿದ್ದರು. ಬಿಳಿ ಮಾತ್ರ ಬೇಡ, ಅದು ಸಾವಿನ ಬಣ್ಣ ಎಂದು ಮೊದಲೇ ಹೇಳಿದ್ದರು. ಜ್ಯೋತಿಷಿ ಕೊಟ್ಟ ದಿನ, ಹಿಂದೆಮುಂದೆ ಆಗುವಂತಿರಲಿಲ್ಲ.

ಮುಂದಿನದನ್ನು ಥೋವಾ ಅಕ್ಕ ಗೋಡೆಗೆ ಮುಖ ಮಾಡಿಯೇ ಹೇಳುತ್ತಾಳೆ. "ಮೊದಲನೇ ಕೈ ಬಳಿದು ಎರಡನೇ ಕೈಗೆ ಸುಣ್ಣ ಕಲಸ್ತಿದ್ದೆ. ಊರಿಂದ ಫೋನ್ ಬಂತು, ಅಮ್ಮ ಹೋದ್ರು ಅಂತ. ಕ್ವೆ ಅಮ್ಮಂಗೆ 'ಊರಲ್ಲಿ ಸ್ವಲ್ಪ ಕೆಲಸ ಇದೆ' ಅಂತ ಹೇಳಿ ಹೋದೆ. ಮಣ್ಣು ಮಾಡಿ ಮೂರನೇ ದಿನ ದೋಣಿ ಹತ್ತಿದೆ. ತಲೆಗೆ ಕಟ್ಟಿದ್ದ ಸೂತಕದ ಬಿಳಿ ಬಟ್ಟೇನ ದೋಣೀಲೇ ಬಿಚ್ಚಿ ರವಿಕೆ ಒಳಗೆ ಇಟ್ಕೊಂಡೆ. ಪಕ್ಕದಲ್ಲಿ ಕೂತಿದ್ದ ಮೀನಿನ ಹೆಂಗಸು ನೋಡಿ ಮುಖ ತಿರುಗಿಸ್ಕೊಂಡ್ಲು."

ಸೂತಕದವರು ಮದುವೆ ಮನೆಯ ಹೊಸಿಲು ತುಳಿಯುವುದಿಲ್ಲ. ನಮ್ಮಲ್ಲಿ ಇದನ್ನು ಯಾರಿಗೂ ಯಾರೂ ಕಲಿಸಬೇಕಾಗಿಲ್ಲ. ಟೆಟ್ ದಿನ ಸೂತಕದವರು ಅಕ್ಕಪಕ್ಕದ ಮನೆಗೂ ಹೋಗದೆ ತಾವಾಗಿಯೇ ಬಾಗಿಲು ಹಾಕಿಕೊಳ್ಳುತ್ತಾರೆ. ಥೋವಾ ಅಕ್ಕ ಸುಣ್ಣದ ಬಕೆಟ್ಟು ಹಿಡಿದು ನೇರ ಮದುಮಗಳ ಕೋಣೆಗೆ ಹೋದಳು.

ದುಡ್ಡಿನ ಅಡಚಣೆ ಇತ್ತೇ ಎಂದು ಕೇಳಿದೆ. ಇತ್ತು ಎಂದಿದ್ದರೆ ನನಗೂ ಬರೆಯಲು ಸುಲಭವಾಗುತ್ತಿತ್ತು. "ದುಡ್ಡಿಗೆ ಆಗಿದ್ರೆ ಇಷ್ಟು ನಾಚ್ಕೆ ಆಗ್ತಿರ್ಲಿಲ್ಲ ತಮ್ಮಾ. ಗೋಡೆ ಆಸೆಗೆ. ಮೊದಲನೇ ಕೈ ಹಂಗೆ ಬಂದಿತ್ತು, ಜನ್ಮದಲ್ಲಿ ಬಂದಿರ್ಲಿಲ್ಲ. ಮಧ್ಯದಲ್ಲಿ ಬೇರೆಯವರ ಕೈ ಬಿದ್ರೆ ಪಟ್ಟೆ ಕಾಣುತ್ತೆ. ಆ ಗೋಡೆ ಇನ್ನೊಬ್ಬರ ಪಾಲಾಗುತ್ತಲ್ಲ ಅಂತ ಹೊಟ್ಟೆ ಉರೀತು. ಅಮ್ಮನ ಮಣ್ಣು ಇನ್ನೂ ಉಗುರಲ್ಲಿತ್ತು ನೋಡಿ, ಆಗ."

ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಕ್ವೆ ಅಮ್ಮ ಕೆಲಸದವರಿಗೆ ಉಣ್ಣಲಿಕ್ಕಿ ಎದುರು ಕೂತು ಮಾತಾಡಿಸುವ ಹೆಂಗಸು. "ದಿನಾ ಕೇಳೋರು, ನಿಮ್ಮಮ್ಮ ಹೇಗಿದಾರೆ, ಊಟ ಸೇರುತ್ತಾ ಅಂತ. ಸೇರುತ್ತೆ, ಎರಡು ಬಟ್ಟಲು ತಿಂತಾರೆ ಅಂದೆ. ಮಾರನೇ ದಿನ ಇನ್ನೂ ಸೇರಿಸಿ ಹೇಳ್ದೆ. ಕೆಮ್ಮು ವಾಸಿಯಾಗಿದೆ, ಕೋಳಿ ಸಾಕ್ಕೊಂಡಿದಾರೆ ಅಂದೆ. ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸ್ತಿತ್ತು. ಅತ್ತು ಕರೆದು ಮಾಡ್ಬೇಕಾದ ಮಗಳು, ಸತ್ತೋಳಿಗೆ ಎರಡು ಬಟ್ಟಲು ಅನ್ನ ತಿನ್ನಿಸ್ದೆ." ಉಳಿ ಇಲ್ಲಿ ನಿಲ್ಲುತ್ತದೆ.

ಮದುವೆಗೆ ಬಂದವರೆಲ್ಲ ಊಟಕ್ಕಿಂತ ಹೆಚ್ಚು ಆ ಕೋಣೆಯನ್ನು ಹೊಗಳಿದರು. ಆ ವರ್ಷ ಮದುವೆಯಾದ ಹುಡುಗಿಯರಿಗೆಲ್ಲ ಅದೇ ಬಣ್ಣ ಬೇಕು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಥೋವಾ ಅಕ್ಕನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ವರ್ಷದೊಳಗೆ ಆ ಮನೆಯ ಸೊಸೆ ತ್ರಾಮ್‌ಗೆ ಗರ್ಭ ಇಳಿದುಹೋಯಿತು. ಅಂದಿನಿಂದ ಥೋವಾ ಅಕ್ಕ ಆ ಓಣಿ ಬಿಟ್ಟು ಕಾಲುವೆ ಸುತ್ತಿ ಓಡಾಡಿದಳು.

ಈಗ ತ್ರಾಮ್ ಮತ್ತೆ ಬಸುರಿ. ಹೋದ ತಿಂಗಳು ಹೊಳೆ ಎಳೆದ ಗೆರೆ ಸರಿಮಾಡಿಕೊಡಿ ಎಂದು ಆಕೆಯೇ ಕರೆಸಿದಳು. ಥೋವಾ ಅಕ್ಕ ಗೇಟಿನವರೆಗೆ ಹೋದಳು, ಮುಂದಕ್ಕೆ ಕಾಲು ಏಳಲಿಲ್ಲ. ಬೀದಿಯಲ್ಲೇ ನಿಂತು ಎಲ್ಲ ಹೇಳಿದಳು. ಕ್ವೆ ಅಮ್ಮ ಕೇಳಿ, ಬಾಗಿಲು ಹಾಕಿಕೊಂಡರು. ಮೂರು ದಿನ ಬಿಟ್ಟು ಹೇಳಿಕಳಿಸಿದರು: ಬಂದು ನಿನ್ನ ಬಣ್ಣ ನೀನೇ ಕೆರೆದು ತೆಗಿ, ಹೊಸದು ಬಳಿ, ಅಡುಗೆಮನೆ ಬಾಗಿಲಿಂದ ಬಾ.

ಹಾಗಾಗಿ ಈ ಬೆಳಗು. ಬಾಗಿಲ ಬಳಿ ಕ್ವೆ ಅಮ್ಮ ಕೈಕಟ್ಟಿ ನಿಂತಿದ್ದಾರೆ. ಬಂದ ದಿನದಿಂದ ಥೋವಾ ಅಕ್ಕನೊಡನೆ ನೇರ ಮಾತಿಲ್ಲ.

"ತ್ರಾಮ್, ಅವಳಿಗೆ ಹೇಳು, ಆ ಮೂಲೇಲಿ ಇನ್ನೂ ಉಳಿದಿದೆ."

"ಅತ್ತೆ, ಅವರು ಇಲ್ಲೇ ಇದಾರೆ. ಕಿವಿನೂ ಇದೆ" ಎಂದು ಹಾಸಿಗೆಯ ಮೇಲಿಂದಲೇ ತ್ರಾಮ್.

"ಕಿವಿ ಇದೆ, ಬಾಯಿ ಇನ್ನೂ ದೊಡ್ಡದಿದೆ. ಸುಳ್ಳು ಹೇಳೋ ಬಾಯಿ. ಮೂಲೆ ಕೆರೀಲಿಕ್ಕೆ ಹೇಳು."

ಥೋವಾ ಅಕ್ಕ ಮೂಲೆಗೆ ಸರಿಯುತ್ತಾಳೆ. ಆಕೆಯ ಕಿವಿಗಳು ಕೆಂಪಾಗಿವೆ. ತ್ರಾಮ್‌ಗೆ ಗೋಡೆ ಹೋಗುವುದು ಇಷ್ಟವಿಲ್ಲ. "ಮಳೆಗಾಲದಲ್ಲಿ ಈ ಗೋಡೆ ನೋಡ್ಕೊಂಡೇ ನಾನು ದಿನ ಕಳೆದಿದ್ದು" ಎಂದು ನನ್ನೆದುರೇ ಹೇಳುತ್ತಾಳೆ. "ಗರ್ಭ ನಿಲ್ಲದೆ ಇದ್ದದ್ದಕ್ಕೆ ಡಾಕ್ಟರು ಬೇರೆ ಕಾರಣ ಹೇಳಿದಾರೆ" ಎಂದೂ ಸೇರಿಸುತ್ತಾಳೆ.

"ಡಾಕ್ಟರಿಗೆ ಏನು ಗೊತ್ತು? ಸೂತಕ ನುಗ್ಗಿದ ಮನೇಲಿ ಮಗು ನಿಲ್ಲುತ್ತಾ? ಎಲ್ಲಾ ಈ ಗೋಡೆಯಿಂದ" ಎಂದರು ಕ್ವೆ ಅಮ್ಮ.

ತ್ರಾಮ್ ಎದ್ದು ಕೂತಳು. "ಅತ್ತೆ, ಹೋದ ವರ್ಷ ಪೂರ್ತಿ ಎಲ್ಲಾ ನನ್ನ ಸೈಕಲ್ಲಿಂದ ಅಂದ್ರಿ. ಬಂದೋರಿಗೆ ಹೋದೋರಿಗೆ, ಹುಡುಗಿ ಸೈಕಲ್ ಹತ್ತಿ ಕಳ್ಕೊಂಡ್ಲು ಅಂತ ಹೇಳ್ಕೊಂಡು ಬಂದ್ರಿ. ನಾನು ತಲೆ ತಗ್ಗಿಸ್ಕೊಂಡು ಕೇಳ್ದೆ. ಈಗ ಗೋಡೆ ಸಿಕ್ತು. ಗೋಡೆ ಕೆರೆದು ಮುಗೀತು ಅಂದ್ರೆ ಆಮೇಲೆ ಯಾರನ್ನ ಕೆರೀತೀರಿ?"

ಆ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ. ಕ್ವೆ ಅಮ್ಮ ಕಟ್ಟಿದ್ದ ಕೈ ಬಿಚ್ಚಿ ಅಡುಗೆಮನೆಗೆ ಹೋದರು.

ಎರಡು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಬೆಳಗಿನ ಜಾವ. ಬತ್ತಲೆ ಗೋಡೆಗೆ ಮೊದಲನೇ ಕೈ ಬಿದ್ದಿದೆ, ಒದ್ದೆಯಿರುವಾಗ ಅದು ಹಸಿ ಮಣ್ಣಿನ ಹಾಗೆ ಕಪ್ಪು. ಥೋವಾ ಅಕ್ಕ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡನೇ ಕೈಗೆ ಸುಣ್ಣ ಕಲಸುತ್ತಿದ್ದಾಳೆ, ಮೊಣಕೈವರೆಗೂ ಸುಣ್ಣ. ಕ್ವೆ ಅಮ್ಮ ಒಳಗಿನಿಂದ ಬರುತ್ತಾರೆ. ಕೈಯಲ್ಲಿ ಒಂದು ಲೋಟ ಅಕ್ಕಿ, ಮೂರು ಊದುಬತ್ತಿ. ಆಕೆಯ ಎದುರೇ ಬಂದು ನಿಲ್ಲುತ್ತಾರೆ.

"ನಿಮ್ಮಮ್ಮನ ಹೆಸರೇನು?"

ಹೆತ್ತವರ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಧೂಪ ಹಚ್ಚುವಾಗ ಮಾತ್ರ ಹೇಳಲೇಬೇಕು, ಇಲ್ಲದಿದ್ದರೆ ಕರೆದದ್ದು ಯಾರನ್ನೆಂದು ಸತ್ತವರಿಗೆ ತಿಳಿಯುವುದು ಹೇಗೆ? ಥೋವಾ ಅಕ್ಕ ಸುಣ್ಣದ ಕಡೆಗೆ ಮುಖ ಮಾಡಿ ಏನೋ ಗೊಣಗಿದಳು.

"ಜೋರಾಗಿ ಹೇಳು. ನಂಗೆ ಕಿವಿ ಮಂದ."

"ಚಾತ್. ಲೆ ಥಿ ಚಾತ್."

ಕ್ವೆ ಅಮ್ಮ ಅಕ್ಕಿಯ ಲೋಟಕ್ಕೆ ಊದುಬತ್ತಿ ಚುಚ್ಚಿ, ಅಂಗಳದ ಕಟ್ಟೆಯ ಮೇಲಿಟ್ಟು, ಹಿನ್ನೀರಿನ ದಿಕ್ಕಿಗೆ ಕೈಮುಗಿದರು. "ಚಾತ್ ಅಕ್ಕಾ, ನಾನು ಜಾ ಹೋಯ್ ಕ್ವೆ. ನೀವು ಹೋಗಿದ್ದು ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಬರ್ತಿದ್ದೆ. ನಿಮ್ಮ ಮಗಳು ಮಹಾ ಸುಳ್ಳಿ. ನಮ್ಮನೇಲೇ ಉಂಡ್ಕೊಂಡು ಇದಾಳೆ, ಚಿಂತೆ ಮಾಡ್ಬೇಡಿ."

ಥೋವಾ ಅಕ್ಕನಿಗೆ ತಡೆಯಲಾಗಲಿಲ್ಲ. ಮುಖಕ್ಕೆ ಕೈ ಒಯ್ದಳು. "ಸುಣ್ಣದ ಕೈ! ಕಣ್ಣು ಕಳ್ಕೋತೀಯೇನೇ ಕತ್ತೆ!" ಎಂದು ಕ್ವೆ ಅಮ್ಮ ಅವಳ ಎರಡೂ ಮಣಿಕಟ್ಟು ಹಿಡಿದೆಳೆದು, ತಮ್ಮ ಅಂಗಿಯ ತೋಳಿನಿಂದ ಅವಳ ಮುಖ ಒರೆಸಿದರು. ಒರಟಾಗಿಯೇ ಒರೆಸಿದರು, ಮಗುವಿನ ಮೂಗು ಒರೆಸುವ ಹಾಗೆ.

"ಟೆಟ್ ಹತ್ರ ಬಂತು. ಎಲ್ಲರೂ ಸಮಾಧಿಗೆ ಸುಣ್ಣ ಬಳೀತಿದಾರೆ. ನೀನು?" ಎಂದು ಕೇಳಿದರು.

"ಅಣ್ಣ ಬಳೀತಾನೆ. ನಾನು ದೂರ ನಿಂತಿರ್ತೀನಿ. ಹತ್ರ ಹೋಗ್ಲಿಕ್ಕೆ ಮುಖ ಇಲ್ಲ."

"ಊರಿಗೆಲ್ಲ ಬಳಿಯೋಳು ನೀನು, ಅಲ್ಲಿ ಬ್ರಷ್ ಹಿಡಿಯೋನು ಅವನಾ? ಎದ್ದೇಳು. ಇವತ್ತೇ ಹೋಗು."

"ಎರಡನೇ ಕೈ..."

"ಇರ್ಲಿ ಬಿಡು. ಪಟ್ಟೆ ಕಂಡ್ರೆ ಕಾಣ್ಲಿ. ನಮ್ಮ ಮೊಮ್ಮಗು ಏನು ಪಟ್ಟೆ ಎಣಿಸ್ತಾ ಹುಟ್ಟುತ್ತಾ?"

ಥೋವಾ ಅಕ್ಕ ಗೋಡೆಯನ್ನು ಒಮ್ಮೆ ನೋಡಿದಳು. ಆಮೇಲೆ ಕೈ ತೊಳೆದುಕೊಂಡು, ಕಲಸಿದ್ದ ಬಣ್ಣದಲ್ಲಿ ಅರ್ಧವನ್ನು ಸಣ್ಣ ಬಕೆಟ್ಟಿಗೆ ಸುರಿದು ಮುಚ್ಚಳ ಒತ್ತಿದಳು. ದೋಣಿಗಟ್ಟೆಯವರೆಗೆ ಬಕೆಟ್ಟು ನಾನು ಹೊತ್ತೆ. ದಾರಿಯುದ್ದಕ್ಕೂ ಆಕೆಯ ತಲೆ ತಗ್ಗಿಯೇ ಇತ್ತು. ಸಮಾಧಿಗೆ ಎಲ್ಲರೂ ಬಿಳಿ ಸುಣ್ಣವನ್ನೇ ಬಳಿಯುತ್ತಾರಲ್ಲ, ಈ ಬಣ್ಣ ಯಾಕೆ ಎಂದು ಸುಮ್ಮನಿರಲಾರದೆ ಕೇಳಿದೆ.

ಆಕೆ ದೋಣಿಗೆ ಕಾಲಿಟ್ಟು, ಬಕೆಟ್ಟು ಈಸಿಕೊಂಡು ಮಡಿಲಲ್ಲಿಟ್ಟುಕೊಂಡಳು.

"ಯಾರ ಮನೆಗೆ ಹೋದ್ರೂ ಮೊದಲು ನಿಮಗೆ ಯಾವ ಬಣ್ಣ ಇಷ್ಟ ಅಂತ ಕೇಳ್ತೀನಿ ತಮ್ಮಾ. ಅಮ್ಮನ್ನ ಒಂದು ಸಲಾನೂ ಕೇಳ್ಲಿಲ್ಲ."