ಬೇಡದ ಪತ್ರಕ್ಕೂ ಮಾರುತ್ತರ

ಗುರುವಾರ ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಬ್ಯಾಡಗಿಯಲ್ಲಿ ನಮ್ಮ ಕಾಕಾನ ದಲಾಲಿ ಅಂಗಡಿಯ ಫೋನು ರಿಂಗಾಯಿತು. ಹೊರಗೆ ಮೆಣಸಿನಕಾಯಿ ಟೆಂಡರಿನ ಗದ್ದಲ. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ ನಾನು ಕೆಲವು ದಿನ ರಜೆ ಹಾಕಿ ಬಂದಿದ್ದೆ. ಘಾಟಿಗೆ ಸೀನುತ್ತಲೇ ಫೋನು ಎತ್ತಿದೆ. ಬೆಳಗಾವಿಯ ಹಳೆಯ ಗಿರಾಕಿ.

“ಸಾಹುಕಾರ್ರಿಗೆ ಕೇಳವ್ವಾ, ಬ್ಯಾಂಕ್ ಬದಲ ಮಾಡ್ಯಾರೇನು? ಮುಂಗಡ ರೊಕ್ಕ ಹೊಸ ಖಾತೆಗೆ ಹಾಕ್ರಿ ಅಂತ ಅವರ ಈ-ಮೇಲ್ ಬಂದೈತಿ. ಬ್ಯಾಂಕಿನ ಊರಿನ ಹೆಸರು ನೋಡಿದ್ರ ಎಲ್ಲಿದೋ ಏನೋ!”

ಕಾಕಾ ಹಾಗೆ ಬರೆದೇ ಇರಲಿಲ್ಲ. ಅವರ ಈ-ಮೇಲ್ ತೆರೆಯಲು ಹೋದೆ. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೊಮ್ಮೆ, ಮಗದೊಮ್ಮೆ. ಕಾಕಾನತ್ತ ತಿರುಗಿದೆ.

“ಕಾಕಾ, ಪಾಸ್‌ವರ್ಡ್ ಯಾರಿಗರೆ ಕೊಟ್ಟೀರೇನು?”

“ಮೇಲ್ ಕಂಪನಿಯವರಿಗೇ ಕೊಟ್ಟೇನಿ. ಕಳಿಸದಿದ್ರ ಖಾತೆ ಬಂದ್ ಮಾಡ್ತೇವಿ ಅಂತ ಬರದಿದ್ರು. ಕೇಳಿದವರಿಗೆ ಉತ್ತರ ಕೊಡದ ಸುಮ್ನ ಕುಂದ್ರೂದು ಮರ್ಯಾದಿ ಏನವ್ವಾ?”

ಬ್ಯಾಡಗಿ ಪೇಟೆಯ ರೂಢಿಯೇ ಅದು. ಯಾರೇ ದರ ಕೇಳಲಿ, ವ್ಯಾಪಾರ ಕುದುರಲಿ ಬಿಡಲಿ, ಉತ್ತರ ಹೇಳಿಯೇ ಕಳಿಸಬೇಕು. ಅಂಗಡಿಗೆ ಕಂಪ್ಯೂಟರ್ ಬಂದ ಮೇಲೂ ಕಾಕಾ ಅದನ್ನು ಬಿಡಲಿಲ್ಲ. ತೂಕ ಇಳಿಸುವ ಗುಳಿಗೆ ಮಾರುವವರಿಗೂ, ಲಾಟರಿ ಹತ್ತಿದೆ ಎಂದವರಿಗೂ ಒಂದೇ ಬೆರಳಲ್ಲಿ ಕುಟ್ಟಿ, ‘ಸದ್ಯ ಬೇಡ, ಈ ಕಡೆ ಬಂದರೆ ಚಹಾಕ್ಕೆ ಬನ್ನಿ’ ಎಂದು ಬರೆಯುತ್ತಿದ್ದರು. ಈ ವಿಳಾಸದಲ್ಲಿ ಓದುವ ಮನುಷ್ಯನಿದ್ದಾನೆ ಎಂದು ಆ ಸೌಜನ್ಯವೇ ಕಳ್ಳರಿಗೆಲ್ಲ ಸಾರಿತ್ತು. ಕಸದ ಮೇಲ್ ದಿನದಿನಕ್ಕೆ ಹೆಚ್ಚಿದ್ದು ಅದರಿಂದಲೇ. ಈಗ ಅವರಲ್ಲೊಬ್ಬ ಪಾಸ್‌ವರ್ಡ್ ಬದಲಿಸಿ, ಹಳೆಯ ಪತ್ರಗಳಿಂದ ಗಿರಾಕಿಗಳ ವಿಳಾಸ ತೆಗೆದು, ಕಾಕಾನ ಹೆಸರಲ್ಲಿ ಹಣ ಕೇಳುತ್ತಿದ್ದ.

ಕಾಕಾ ಚೀಲದ ಮೇಲೆ ಕುಸಿದರು. “ಇಷ್ಟ ವರ್ಷ ಬರೇ ಮಾತಿನ ಮ್ಯಾಲ ಮಾಲು ಕಳಿಸೇನಿ. ಒಬ್ಬರ ರೊಕ್ಕ ಹೋದ್ರೂ ನಾನ ತಿಂದೆ ಅಂತಾರ.”

“ಆಮ್ಯಾಲ ಅಳ್ರಿ. ಮೊದಲ ಫೋನ್ ಹಚ್ರಿ. ನಿಮ್ಮ ದನಿ ಎಲ್ಲಾರಿಗೂ ಗೊತ್ತೈತಿ.”

ಸಂಜೆಯೊಳಗೆ ಎಲ್ಲ ಗಿರಾಕಿಗಳಿಗೂ ಹೇಳಿ ಮುಗಿಸಿದೆವು, ಕೊಚ್ಚಿಯ ಉಪ್ಪಿನಕಾಯಿ ವ್ಯಾಪಾರಿಯೊಬ್ಬರನ್ನು ಬಿಟ್ಟು. ಅವರ ಆಫೀಸಿನ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಎಲ್ಲರಿಗಿಂತ ದೊಡ್ಡ ಮುಂಗಡ ಕಳಿಸುವವರು ಅವರೇ.

ಮರುದಿನ ಹಾವೇರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. “ಕಳ್ಳ ಯಾವ ಊರಾಂವ್ರಿ?” ಎಂದರು. ನಮಗೆ ಗೊತ್ತಿದ್ದರೆ ತಾನೆ! ಬ್ಯಾಡಗಿಗೆ ಮರಳಿ ಹೊಸ ಈ-ಮೇಲ್ ವಿಳಾಸ ಮಾಡಿದೆ. ಗಿರಾಕಿಗಳಿಗೆ ಅದೊಂದು, ಅಂಗಡಿಯ ಬೋರ್ಡಿಗೂ ಜಾಹೀರಾತಿಗೂ ಇನ್ನೊಂದು. ಕಾಕಾನನ್ನು ಕೂರಿಸಿಕೊಂಡು ಹೇಳಿದೆ: ಗುರುತಿಲ್ಲದ ಮೇಲ್ ತೆರೆಯದೆ ಅಳಿಸಿ, ಬೇಡ ಎಂದು ಬರೆಯುವುದೂ ಬೇಡ, ಅದರೊಳಗಿನ ಕೊಂಡಿ ಒತ್ತಬೇಡಿ, ಪಾಸ್‌ವರ್ಡನ್ನು ನಿಜವಾದ ಕಂಪನಿ ಎಂದೂ ಕೇಳುವುದಿಲ್ಲ, ಹಣದ ಮಾತು ಬಂದರೆ ಫೋನು ಮಾಡಿ ದನಿ ಕೇಳಿ. ಇಷ್ಟು ಪಾಲಿಸಿದರೆ ಸಾಕು ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ಹೇಳುವಾಗ ಇದ್ದ ಧೈರ್ಯ ಮಲಗುವಾಗ ಇರಲಿಲ್ಲ. ಕಣ್ಣು ಮುಚ್ಚಿದರೆ ಬೆಳಗಾವಿಯವರ ಮಾತು ಮತ್ತೆ ಕೇಳುತ್ತಿತ್ತು. ಅವರು ವಿಚಾರಿಸದೆ ಹಣ ಹಾಕಿಬಿಟ್ಟಿದ್ದರೆ? ಕೊಚ್ಚಿಯವರು ಹಾಕಿಯೇಬಿಟ್ಟಿದ್ದರೆ? ಪಕ್ಕದ ಕೋಣೆಯಲ್ಲಿ ಕಾಕಾನೂ ಕೆಮ್ಮುತ್ತ ಎಚ್ಚರವಿದ್ದರು.

ಸೋಮವಾರ ಮಧ್ಯಾಹ್ನ ಕೊಚ್ಚಿಯ ಫೋನು ಬಂತು. ಮೇಲ್ ನಂಬಿ ಆ ವ್ಯಾಪಾರಿ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿ, ಗುಮಾಸ್ತನ ಕೈಗೆ ಕೊಟ್ಟು ಊರಿಗೆ ಮದುವೆಗೆ ಹೋಗಿದ್ದರಂತೆ. ಗುಮಾಸ್ತ ಬ್ಯಾಂಕಿಗೆ ಹೋಗುವುದು ಬಿಟ್ಟು ತಾನೂ ಅದೇ ಮದುವೆಗೆ ಬಂದು ಊಟಕ್ಕೆ ಕೂತಿದ್ದನಂತೆ; ಹಣ ಹೋಗಿರಲೇ ಇಲ್ಲ! ನಡೆದದ್ದನ್ನೆಲ್ಲ ಕಾಕಾ ಒಂದೂ ಬಿಡದೆ ಹೇಳಿದರು. ಅವರು ಆ ಕಾಗದ ಹರಿದುಹಾಕುವ ಸದ್ದು ಫೋನಿನಲ್ಲೇ ಕೇಳಿಸಿತು.

ಅಂದು ರಾತ್ರಿ ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ. ಕಾಕಾನ ಹೆಂಡತಿ ಕಾಕು ಬಂದು ಅಲುಗಾಡಿಸಿದಳು. “ಏಳವ್ವಾ, ರಾಣೆಬೆನ್ನೂರಿನ ರೈಲು ತಪ್ಪತೈತಿ. ನಿಮ್ಮ ಕಾಕಾಗೂ ಎಬ್ಬಿಸಿ ಸಾಕಾತು, ಇನ್ನೂ ಗೊರಕಿ ಹೊಡ್ಯಾಕತ್ತಾರ.”