ಬಾವಿಪಕ್ಕದ ಬಾಗಿಲು

ಚಂದ್ರಮತಿಯ ಹೆಸರು ಪುಟ್ಟತಾಯಮ್ಮನ ಕಿವಿಗೆ ಮತ್ತೆ ಬಿದ್ದದ್ದು ಒಂದು ಮಧ್ಯಾಹ್ನ. ಅವಳು ಹಿನಕಲ್ಲಿನ ಮನೆಯ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಬಿಂದು ಚಾಮರಾಜಪುರಂನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವತ್ತು ಅರ್ಧ ದಿನಕ್ಕೇ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅತ್ತೆ, ನೀವು ಚಿಕ್ಕೋರಿದ್ದಾಗ ಚಾಮರಾಜಪುರಂಗೆ ಸೊಪ್ಪು ಮಾರಕ್ಕೆ ಓಗ್ತಿದ್ರಾ?"

"ನಾನೆಲ್ಲಿ ಮಾರ್ತಿದ್ದೆ? ಮಾರೋಳು ನಮ್ಮವ್ವ. ನಾನು ಇಂದಿಂದೆ ಬಾಲ. ಯಾಕೆ, ಅವತ್ತಿನ ಸೊಪ್ಪು ಬಾಡಿತ್ತು ಅಂತ ಯಾರಾದ್ರೂ ಈಗ ಜಗಳಕ್ಕೆ ಬಂದವ್ರಾ?"

"ಒಬ್ರು ಅಜ್ಜಿ ಬಂದಿದ್ರು ಕಣತ್ತೆ. ಕಂಪ್ಯೂಟರಲ್ಲಿ ವೆಬ್‌ಪೇಜ್ ಮಾಡವ್ರಂತೆ. ಯಾವ್ದೋ ಹಳೇ ವಠಾರದ್ದು. ಅದ್ನ ಪ್ರಿಂಟ್ ತೆಗೆಸ್ಕಂಡ್ರು. ಸಾಲಾಗಿ ಬಾಗ್ಲು, ಮಧ್ಯ ಬಾವಿ. ಕೆಳ್ಗಡೆ ದಪ್ಪಕ್ಕೆ ಬರ್ದವ್ರೆ, 'ಹಿನಕಲ್ಲಿನ ಸೊಪ್ಪಿನವರ ಮಗಳು ಪುಟ್ಟಾ ಎಲ್ಲಿದ್ದರೂ ಬರಬೇಕು. ಇಂತಿ, ಚಂದೂ' ಅಂತ."

ಪುಟ್ಟತಾಯಮ್ಮನ ಕೈ ತಪ್ಪಿತು. ಕಾಳು ಸಿಪ್ಪೆಯ ಗುಡ್ಡೆಗೆ ಬಿತ್ತು, ಸಿಪ್ಪೆ ಪಾತ್ರೆಗೆ ಬಿತ್ತು.

ಚಂದೂ ಎಂದರೆ ಎರಡು ಜಡೆಯ, ಮೂಗು ಸದಾ ಸೋರುವ ಹುಡುಗಿ. ಹಿನಕಲ್ಲು ಆಗಿನ್ನೂ ಹಳ್ಳಿ. ಅವ್ವ ಕತ್ತಲಲ್ಲೇ ಎದ್ದು, ದಂಟು, ಕೀರೆ, ಸಬ್ಬಸಿಗೆ ಕಟ್ಟಿ, ಮಂಕರಿ ತಲೆಯ ಮೇಲಿಟ್ಟುಕೊಂಡು ಹೊರಟರೆ ಚಾಮರಾಜಪುರಂ ಸೇರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ವಠಾರದ ಅಂಗಳದಲ್ಲಿ ಅವ್ವ ಸೊಪ್ಪಿನ ಚೌಕಾಸಿಗೆ ನಿಂತರೆ ಪುಟ್ಟಾ, ಚಂದೂ ಇಬ್ಬರೂ ಬಾವಿಕಟ್ಟೆಯ ಪಕ್ಕದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ಆಮೇಲೆ ಪುಟ್ಟಾ ದೊಡ್ಡವಳಾದಳು, ಇಲವಾಲದ ಕಡೆ ಅಕ್ಕಿ ಗಿರಣಿಯಲ್ಲಿದ್ದ ಮಹದೇವಯ್ಯನ ಕೈ ಹಿಡಿದಳು, ಮಕ್ಕಳು ಮರಿ ಆದವು, ಮಹದೇವಯ್ಯನೂ ಹೋದ. ವಠಾರ ಅತ್ತ ಉಳಿಯಿತು.

ಮಾರನೆಯ ದಿನವೇ ಪುಟ್ಟತಾಯಮ್ಮ ಬಿಂದುವಿನ ಸ್ಕೂಟರಿನ ಹಿಂದೆ ಕೂತು ಹೊರಟಳು. ವಠಾರವಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿತ್ತು. ಬಾವಿ ಇದ್ದ ಕಡೆ ಕಾರು ನಿಂತಿದ್ದವು. ಅದರ ಎದುರು ಮನೆಯ ಹಿಂಭಾಗದ ಒಂದು ರೂಮಿನಲ್ಲಿ ಚಂದ್ರಮತಿ ಇದ್ದಳು. ಕೂದಲು ಬೆಳ್ಳಗೆ, ಕನ್ನಡಕ ದಪ್ಪ. ಬಾಗಿಲಲ್ಲಿ ನಿಂತವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಂದ್ಯಾ? ಬಿಲ್ಲೆ ಕದ್ಕೊಂಡು ಹೋದವಳು ಈಗ ಬಂದ್ಯಾ?"

"ಅಯ್ಯೋ, ನಾನ್ಯಾಕ್ ಕದೀಲಿ ಅಮ್ಮಾವ್ರೆ! ಅದು ಬಾವಿಗೆ ಬಿದ್ದೋಯ್ತು."

"ಅಮ್ಮಾವ್ರು ಗಿಮ್ಮಾವ್ರು ಅಂದ್ರೆ ಕಾಫಿ ಸಿಗಲ್ಲ ನೋಡು. ಚಂದೂ ಅನ್ನು."

ಚಂದೂ ಅನ್ನಲು ಪುಟ್ಟತಾಯಮ್ಮನ ನಾಲಿಗೆ ಹೊರಳಲಿಲ್ಲ. ಕೊನೆಗೆ ಚಂದಮ್ಮ ಎಂಬಲ್ಲಿಗೆ ರಾಜಿಯಾಯಿತು.

ಚಂದ್ರಮತಿಯ ಅಜ್ಜ ಅರಮನೆಯ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದವರು. ಅಪ್ಪ ಮೇಷ್ಟ್ರು. ಅವಳಿಗೆ ಏಳು ವರ್ಷವಾದಾಗ ತಾಯಿ ತೀರಿಕೊಂಡಳು. ಮನೆಗೆ ಬಂದ ಚಿಕ್ಕಮ್ಮನ ಮಕ್ಕಳನ್ನು ಎತ್ತಿ ಆಡಿಸಿ, ಅವರ ಮದುವೆಗಳಲ್ಲಿ ಎಲೆ ಹಾಕಿ, ತನ್ನ ಮದುವೆಯ ಮಾತು ಯಾವಾಗ ನಿಂತಿತೆಂದು ತಿಳಿಯುವ ಮೊದಲೇ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಹಳಬಳಾಗಿದ್ದಳು. ರಿಟೈರಾದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಪಕ್ಕದಲ್ಲಿ ಕೂತ ಹುಡುಗರು, "ಅಜ್ಜಿ, ಭಗವದ್ಗೀತೆ ಡೌನ್‌ಲೋಡ್ ಮಾಡಕ್ಕೆ ಬಂದ್ರಾ?" ಎಂದು ನಕ್ಕರೆ, "ಇಲ್ಲ ಕಣ್ರೋ, ಮನೆ ಕಟ್ಟಕ್ಕೆ ಬಂದೆ" ಎಂದಳಂತೆ.

ಕಟ್ಟುತ್ತಿದ್ದುದು ನಿಜವಾಗಿ ಮನೆಯೇ. ಮೊದಲ ಪೇಜಿನಲ್ಲಿ ವಠಾರದ ಅಂಗಳ, ಸುತ್ತ ಬಾಗಿಲುಗಳು. ಯಾವ ಬಾಗಿಲನ್ನು ಒತ್ತಿದರೂ ಆ ಮನೆಯವರ ಪೇಜು ತೆರೆಯಬೇಕು. ಹಸಿರು ಬಾಗಿಲು ಒತ್ತಿದರೆ ಹಪ್ಪಳ ಒಣಗಿಸುತ್ತಾ ಕಾಗೆಗಳಿಗೆ ಶಾಪ ಹಾಕುತ್ತಿದ್ದ ಅಲಮೇಲು. ಮೂಲೆಯ ಬಾಗಿಲು ಒತ್ತಿದರೆ ಸಂಗೀತದ ಮೇಷ್ಟ್ರು ವಾಗೀಶಯ್ಯ. ಚಂದ್ರಮತಿ ಅವರವರ ಮೊಮ್ಮಕ್ಕಳ ಮನೆಗೆ ಅಲೆದು ಫೋಟೋ ತಂದಿದ್ದಳು.

"ಇದಕ್ಕೆ ಬರೆಯೋದೇ ಬೇಡ ಕಣೇ ಪುಟ್ಟಾ. ಚೌಕ ಎಳಿ, ಫೋಟೋ ತಂದು ಒಳಗೆ ಬಿಡು, ಬಣ್ಣ ಬಳಿ. ಇಲ್ಲಿ ಹೆಂಗೆ ಕಾಣತ್ತೋ ಊರಿಗೂ ಹಂಗೇ ಕಾಣತ್ತೆ. ಹಿಂದ್ಗಡೆ ಬರಹನೆಲ್ಲ ಮೆಷಿನ್ನೇ ಬರ್ಕೊಳತ್ತೆ."

ಆ ಹಿಂದಿನ ಬರಹವನ್ನು ಒಮ್ಮೆ ತೋರಿಸಿದಳು. ಒಂದು ಗುಂಡಿ ಒತ್ತಿದ್ದೇ ತಡ, ಅಂಗಳ, ಬಾವಿ, ಅಲಮೇಲು ಎಲ್ಲ ಮಾಯವಾಗಿ ಪರದೆಯ ತುಂಬ ಇರುವೆ ಸಾಲಿನಂತೆ ಅಕ್ಷರ ಹರಿಯಿತು. ಕಸೂತಿ ಹಾಕಿದ ಬಟ್ಟೆಯನ್ನು ಮಗುಚಿ ಹಾಕಿದ ಹಾಗೆ.

"ಮುಚ್ಚಿ ಮುಚ್ಚಿ! ಇಂದ್ಗಡೆ ಇಷ್ಟೊಂದು ಗಂಟಾ?" ಎಂದು ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟಳು.

ಅಂದಿನಿಂದ ಬಿಂದು ಅಂಗಡಿಗೆ ಹೋಗುವಾಗ ಅತ್ತೆಯನ್ನು ಇಳಿಸಿ ಹೋಗುವುದು, ಬರುವಾಗ ಕೂರಿಸಿಕೊಂಡು ಬರುವುದು ರೂಢಿಯಾಯಿತು. ಪುಟ್ಟತಾಯಮ್ಮ ಓದಿದ್ದು ಎರಡನೇ ಕ್ಲಾಸು. ಆದರೆ ಕಣ್ಣು ಮುಚ್ಚಿದರೆ ವಠಾರ ಎದುರಿಗೆ ಬಂದು ನಿಲ್ಲುತ್ತಿತ್ತು. ಯಾವ ಹೊಸ್ತಿಲಿನ ಮೂಲೆ ಸವೆದಿತ್ತು, ಯಾರ ಮನೆಯ ಚಿಲಕ ಕಿರುಗುಟ್ಟುತ್ತಿತ್ತು, ಎಲ್ಲ ಹೇಳುತ್ತಿದ್ದಳು. ಚಂದ್ರಮತಿ ಅದನ್ನು ಪರದೆಯ ಮೇಲೆ ಎಳೆದು ಕೂರಿಸುತ್ತಿದ್ದಳು. ಜಗಳವೂ ಆಗುತ್ತಿತ್ತು. ಬಾವಿ ಇನ್ನೂ ಎಡಕ್ಕೆ ಎಂದು ಇವಳು, ಇಲ್ಲ ಬಲಕ್ಕೆ ಎಂದು ಅವಳು. ಒಂದು ದಿನ ಮಧ್ಯಾಹ್ನವೆಲ್ಲ ಬಾವಿ ಅತ್ತಿಂದಿತ್ತ ಓಡಾಡಿತು. ಕೊನೆಗೆ ಚಂದ್ರಮತಿ ಹೇಳಿದ್ದೇ ಸರಿ ಎಂದು ಬಾವಿಕಟ್ಟೆಯ ಒಂದು ಹಳೆಯ ಫೋಟೋ ಹೇಳಿತು. ಪುಟ್ಟತಾಯಮ್ಮ ಮುಖ ಊದಿಸಿಕೊಂಡೇ ಮನೆಗೆ ಹೋದಳು.

ಏಳು ಬಾಗಿಲಿನ ವಠಾರದಲ್ಲಿ ಆರು ತುಂಬಿದ ಮೇಲೆ ಚಂದ್ರಮತಿ ಅದನ್ನು ಇಂಟರ್ನೆಟ್ಟಿಗೆ ಬಿಟ್ಟಳು. ಆ ಸಂಜೆ ಪುಟ್ಟತಾಯಮ್ಮ ಹಿನಕಲ್ಲಿನ ಬೀದಿಯ ಹೆಂಗಸರನ್ನೆಲ್ಲ ಜಗುಲಿಗೆ ಕರೆದಳು. ಬಿಂದು ಫೋನ್ ತೆರೆದಳು. ಅಂಗಳದ ಬಣ್ಣ ಬಂತು, ಬಾಗಿಲ ಹೆಸರು ಬಂತು. ಹಸಿರು ಬಾಗಿಲು ಒತ್ತಿದರೆ ಖಾಲಿ ಚೌಕ. ಮೂಲೆಯ ಬಾಗಿಲು ಒತ್ತಿದರೂ ಖಾಲಿ ಚೌಕ, ಮೂಲೆಯಲ್ಲಿ ಹರಿದ ಚಿತ್ರದಂಥ ಒಂದು ಗುರುತು.

"ಇದೇನತ್ತೆ, ಮನೆಮಂದಿಯೆಲ್ಲ ಜಾತ್ರೆಗೆ ಓಗವ್ರಾ?" ಎಂದು ಬಿಂದು ನಕ್ಕಳು. ಪುಟ್ಟತಾಯಮ್ಮ ನಗಲಿಲ್ಲ. ಸತ್ತವರ ಮನೆಗೆ ಹೋಗಿ ಬಂದಂತಾಯಿತು ಅವಳಿಗೆ.

ಬೆಳಿಗ್ಗೆ ವಿಷಯ ಕೇಳಿ ಚಂದ್ರಮತಿ ಹಣೆ ಚಚ್ಚಿಕೊಂಡಳು. ಆ ಗಂಟಿನ ಬರಹವನ್ನು ತೆಗೆದು ಬೆರಳಿಟ್ಟು ಹುಡುಕಿದಳು.

"ನೋಡೇ ನನ್ನ ಬುದ್ಧೀನ! ಫೋಟೋಗಳು ಈ ಕಂಪ್ಯೂಟರಿನೊಳಗೇ ಕೂತಿವೆ. ಪೇಜು ನಿಮ್ಮ ಫೋನಿಗೆ ಬಂದು, 'ಫೋಟೋನಾ? ಚಂದ್ರಮತಿ ಮೆಷಿನ್‌ನಲ್ಲಿ ನೋಡ್ಕೋ ಹೋಗು' ಅಂತ ಹೇಳತ್ತೆ. ನನಗೆ ಮಾತ್ರ ಎಲ್ರೂ ಕಾಣ್ತಾರೆ. ಜನರನ್ನ ಇಲ್ಲೇ ಕೂಡಿಹಾಕ್ಕೊಂಡು ಬರೀ ಬಾಗ್ಲು ಊರಿಗೆ ಕಳ್ಸಿದೀನಿ ಕಣೇ."

ನಗುತ್ತಲೇ ಹೇಳಿದವಳು ಹೇಳಿ ಮುಗಿಸುವಷ್ಟರಲ್ಲಿ ಮಂಕಾದಳು. ಮತ್ತೆ ಒಂದೊಂದು ಬಾಗಿಲೂ ತೆಗೆದು ಫೋಟೋಗಳನ್ನು ಪೇಜಿನ ಜೊತೆಗೇ ಕಟ್ಟಿ ಕಳಿಸುವ ಕೆಲಸ ಶುರುವಾಯಿತು. ಆರು ಬಾಗಿಲು ಮುಗಿದವು. ಬಾವಿಯ ಪಕ್ಕದ ಏಳನೆಯದು ಉಳಿಯಿತು. ಒತ್ತಿದರೆ ಬಿಳಿಯ ಹಾಳೆ.

"ಇದು ನಿಮ್ಮನೇದಲ್ವಾ ಚಂದಮ್ಮ? ಎಲ್ಲಾರ್ ಮನೇನೂ ಮಾಡಿ ನಿಮ್ದನ್ಯಾಕೆ ಅಂಗೇ ಬುಟ್ಟಿದ್ದೀರಾ?"

ಚಂದ್ರಮತಿ ಕುರ್ಚಿಯನ್ನು ಇವಳ ಕಡೆಗೆ ತಿರುಗಿಸಿದಳು.

"ಅಮ್ಮನ ಮುಖ ಮರ್ತುಹೋಗಿದೆ ಕಣೇ. ಚಿಕ್ಕಮ್ಮ ಕೆಟ್ಟವಳಲ್ಲ, ಪಾಪ. ಆದ್ರೆ ಅವಳು ಬಂದ್ಮೇಲೆ ಗೋಡೆ ಮೇಲಿದ್ದ ಫೋಟೋ ಪೆಟ್ಟಿಗೆಗೆ ಹೋಯ್ತು, ಪೆಟ್ಟಿಗೆ ಅಟ್ಟಕ್ಕೆ ಹೋಯ್ತು, ಅಟ್ಟ ಗೆದ್ದಲಿಗೆ ಹೋಯ್ತು. ನನಗೆ ಒಂದು ಸೀರೆ ಅಂಚು ಬಿಟ್ರೆ ಏನೂ ನೆನಪಿಲ್ಲ. ನಿಂಗೆ ನನಗಿಂತ ಎರಡು ವರ್ಷ ಜಾಸ್ತಿ. ನೀನು ದಿನಾ ನೋಡಿದೀಯ. ಈ ವಠಾರ ಗಿಠಾರ ಎಲ್ಲ ಶುರು ಮಾಡಿದ್ದೇ ಅದಕ್ಕೆ. ಹೇಳೇ ಪುಟ್ಟಾ, ಹೆಂಗಿದ್ಲು ನಮ್ಮಮ್ಮ?"

ಪುಟ್ಟತಾಯಮ್ಮ ತಟ್ಟನೆ ಕಣ್ಣು ಮುಚ್ಚಿದಳು. ಬಾಗಿಲು ಬಂತು. ಹೊಸ್ತಿಲ ರಂಗೋಲಿ ಬಂತು. ಮುಖ ಬರಲಿಲ್ಲ.

"ತಲೆ ಯಾಕೋ ತಿರುಗ್ತಾ ಅದೆ. ನಾಳೆ ಯೋಳ್ತೀನಿ" ಎಂದು ಎದ್ದುಬಿಟ್ಟಳು.

ಮನೆಯಲ್ಲಿ ಬಿಂದುವಿಗೆ ಹೇಳಿದರೆ ಅವಳಿಗೆ ಅದೊಂದು ದೊಡ್ಡ ಮಾತಾಗಲಿಲ್ಲ. "ಸಾಕ್ಷಾತ್ ಲಕ್ಷ್ಮಿ ಅಂಗಿದ್ರು, ಅಗಲ ಕುಂಕುಮ, ದುಂಡು ಮುಖ ಅಂತ ಯೋಳ್ಬುಡಿ ಅತ್ತೆ. ಯಾರು ನೋಡವ್ರೆ? ಆ ಜೀವಕ್ಕೂ ಸಮಾಧಾನ."

ಪುಟ್ಟತಾಯಮ್ಮ ಗೋಡೆಯ ಮೇಲಿದ್ದ ಮಹದೇವಯ್ಯನ ಫೋಟೋ ನೋಡಿದಳು. ಕಿವಿ ಸ್ವಲ್ಪ ದೊಡ್ಡದು, ಒಂದು ಹುಬ್ಬು ಮೇಲೆ. ಯಾರೋ ಬಂದು ಇವನಿಗೆ ಬೇರೆ ಚೆಂದದ ಮುಖ ಅಂಟಿಸಿ ಇವನೇ ನಿನ್ನ ಗಂಡ ಎಂದರೆ ತಾನು ದೀಪ ಹಚ್ಚುವುದು ಯಾರಿಗೆ?

ಮರುದಿನ ಹೋಗಿ ಕೂತಳು. ಕಾಫಿ ಮುಟ್ಟಲಿಲ್ಲ.

"ಮುಖ ನಂಗೂ ಗೊತ್ತಿಲ್ಲ ಚಂದಮ್ಮ. ನಾವು ಒಸ್ತಿಲು ದಾಟ್ತಿರ್ನಿಲ್ಲ. ಮೆಟ್ಲ ಕೆಳ್ಗೆ ನಿಂತು ಬೊಗಸೆ ಒಡ್ಡೋಳು ನಾನು. ಮೇಲಿಂದ ಮಜ್ಜಿಗೆ ಉಯ್ಯೋರು. ಚೆಲ್ಲೋಯ್ತದೆ ಅಂತ ನನ್ ಕಣ್ಣೆಲ್ಲ ಬೊಗಸೇಲೇ. ಒಂದಿನಾನೂ ತಲೆ ಎತ್ತಿ ನೋಡ್ನಿಲ್ಲ ಕಣ್ರವ್ವ. ನಂಗೆ ಗೊತ್ತಿರೋದು ಅವ್ರ ಕೈ ಒಂದೇ."

ಚಂದ್ರಮತಿ ಕನ್ನಡಕ ತೆಗೆದಳು. "ಕೈ ಹೇಳು."

"ಸಣ್ಣ ಕೈ. ಉಗುರು ಸಂದೀಲಿ ಅರಿಶಿನ. ಅಸುರು ಗಾಜಿನ ಬಳೆ. ಮಣಿಕಟ್ಟಿನ ತಾವ ಸುಟ್ಟ ಗುರುತು, ಉಣಸೆ ಬೀಜದಷ್ಟು. ಚೊಂಬು ಬಗ್ಗಿಸುವಾಗ ಕಿರುಬೆರಳು ಮಾತ್ರ ಚೊಂಬು ಮುಟ್ತಿರ್ನಿಲ್ಲ. ಒಳ್ಗಡೆ ಸೊಟ್ಟಗೆ ಮಡಿಸ್ಕಂಡು ನಿಂತಿರೋದು."

ಚಂದ್ರಮತಿ ತನ್ನ ಮುಂದಿದ್ದ ಕಾಫಿಯ ಲೋಟ ಎತ್ತಿದವಳು ಅರ್ಧದಲ್ಲೇ ತಡೆದಳು. ಲೋಟವನ್ನು ನಾಲ್ಕು ಬೆರಳು ಹಿಡಿದಿದ್ದವು. ಕಿರುಬೆರಳು ಒಳಕ್ಕೆ ಸೊಟ್ಟಗೆ ಮಡಿಚಿಕೊಂಡು, ಲೋಟಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ದೂರ ನಿಂತಿತ್ತು. ಟೈಪಿಂಗ್ ಕಲಿಯುವಾಗ ಆ ಬೆರಳಿಗಾಗಿ ಎಷ್ಟು ಬೈಸಿಕೊಂಡಿದ್ದಳೋ. ಇಬ್ಬರೂ ಅದನ್ನೇ ನೋಡಿದರು.

ಆ ಶನಿವಾರ ಚಂದ್ರಮತಿ ಅಂಗಡಿಗೆ ಹೋಗಿ ಹಸಿರು ಗಾಜಿನ ಬಳೆ ತೊಟ್ಟು ಬಂದಳು. ಬಳೆಗಾರ, "ಈ ವಯಸ್ಸಲ್ಲಿ ಯಾರ ಮದ್ವೆಗಮ್ಮಾ?" ಎಂದದ್ದಕ್ಕೆ, "ಗೃಹಪ್ರವೇಶ ಕಣಪ್ಪಾ" ಎಂದಳಂತೆ. ಶುಂಠಿ, ಕೊತ್ತಂಬರಿ ಹಾಕಿ ಚೊಂಬಿನಲ್ಲಿ ಮಜ್ಜಿಗೆ ಬೆರೆಸಿದಳು. ಬಾಗಿಲ ಮೆಟ್ಟಿಲಲ್ಲಿ ಅವಳು ಮೇಲೆ, ಪುಟ್ಟತಾಯಮ್ಮ ಕೆಳಗೆ. ಬಿಂದು ಫೋನಿನಲ್ಲಿ ಫೋಟೋ ತೆಗೆದಳು. ಯಾರ ಮುಖವೂ ಬೇಡ, ಉಯ್ಯುವ ಕೈ ಮತ್ತು ಬೊಗಸೆ ಮಾತ್ರ ಎಂದು ಮೊದಲೇ ಮಾತಾಗಿತ್ತು. ಸಂಜೆಯೊಳಗೆ ಚಂದ್ರಮತಿ ಅದನ್ನು ಏಳನೆಯ ಬಾಗಿಲೊಳಗೆ ಕೂರಿಸಿ, ಈ ಸಲ ಫೋಟೋವನ್ನು ಮರೆಯದೆ ಜೊತೆಗೆ ಕಟ್ಟಿ, ಊರಿಗೆ ಬಿಟ್ಟಳು. ರಾತ್ರಿ ಹಿನಕಲ್ಲಿನಲ್ಲಿ ಬಾವಿಪಕ್ಕದ ಬಾಗಿಲು ಒತ್ತಿದರೆ ಕೈ ಬಂತು.

ಅದಾದ ಕೆಲವೇ ದಿನಕ್ಕೆ ಚಂದ್ರಮತಿ ನಿದ್ದೆಯಲ್ಲೇ ತೀರಿಕೊಂಡಳು. ಚಿಕ್ಕಮ್ಮನ ಮಕ್ಕಳು ಬಂದು ಎಲ್ಲ ಮಾಡಿದರು. ಪುಟ್ಟತಾಯಮ್ಮ ಬೀದಿಯಲ್ಲಿ ನಿಂತು ನೋಡಿ ಬಂದಳು. ಈಗಲೂ ಬಿಸಿಲು ಏರಿದಾಗ ಸೊಸೆಯ ಹತ್ತಿರ ಫೋನ್ ಇಸಿದುಕೊಳ್ಳುತ್ತಾಳೆ. ಅಂಗಳ ದಾಟಿ, ಬಾವಿ ಬಳಸಿ, ಬೇರೆ ಯಾವ ಮನೆಗೂ ಹೋಗದೆ ಆ ಬಾಗಿಲಿಗೇ ಹೋಗುತ್ತಾಳೆ.

ಫೋಟೋದಲ್ಲಿ ಇಲ್ಲದ್ದೊಂದು ಇದೆ. ಅವತ್ತು ಮೆಟ್ಟಿಲಲ್ಲಿ ಬೊಗಸೆ ತುಂಬಿತ್ತು. ಈ ಸಲವಾದರೂ ನೋಡಬೇಕೆಂದು ಪುಟ್ಟತಾಯಮ್ಮ ತಲೆ ಎತ್ತಿದಳು. ಎತ್ತಿದ್ದೇ ತಡ ಮಜ್ಜಿಗೆ ಬೆರಳ ಸಂದಿಯಿಂದ ಇಳಿದು ಮೊಣಕೈವರೆಗೂ ಹರಿಯಿತು. ಮೇಲೆ ಚಂದ್ರಮತಿ ಸ್ವಲ್ಪ ಬಾಗಿ, ನಗುತ್ತಾ ನಿಂತಿದ್ದಳು. ಆಗ ಅವಳೊಂದು ಮಾತು ಕೇಳಿದಳು. ಪುಟ್ಟತಾಯಮ್ಮ ಅವಳಿಗೆ ಎಂದೂ ಹೇಳಿರದ, ತನಗೇ ಮರೆತುಹೋಗಿದ್ದ ಮಾತು. ಚಿಕ್ಕಂದಿನಲ್ಲಿ ದಿನವೂ ಆ ಹೊಸ್ತಿಲ ಮೇಲಿನಿಂದ ಚಂದೂವಿನ ಅಮ್ಮ ಕೇಳುತ್ತಿದ್ದ ಅದೇ ಮಾತು, ಅದೇ ರಾಗ.

"ಸಾಕಾ ಮಗು? ಇನ್ನೊಂಚೂರು ಹಾಕ್ಲಾ?"